ಕಪ್ಪು ಬಿಳುಪಿನ ಅಂಗಿ

ಕಲ್ಕತ್ತೆಯ ಕಾಲ್ಚೆಂಡಾಟದ ಮಾತು ಬಂದೊಡನೆ ನಮ್ಮ ನೆನಪು 1911ನೆಯ ಇಸವಿಗೆ ಓಡುತ್ತದೆ. ಮೋಹನ್ ಬಾಗಾನಿನ ತರುಣರು, ಬಹುಮಟ್ಟಿಗೆ ಬರಿಗಾಲಿನವರು, ಈಸ್ಟ್ ಯಾರ್ಕ್‌ಶೈರ್ ದಳದ ಸೈನಿಕರನ್ನು ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದ ಕಥೆ ಎಲ್ಲರಿಗೂ ತಿಳಿದದ್ದು. ಆದರೆ ಆ ಗೆಲವಿನ ಅನಂತರವೂ ಇಪ್ಪತ್ತಮೂರು ವರ್ಷ ಕಲ್ಕತ್ತೆಯ ಲೀಗ್ ಪ್ರಶಸ್ತಿ ಒಂದು ಬಾರಿಯಾದರೂ ಭಾರತೀಯರ ಕೈಸೇರಲಿಲ್ಲವೆಂಬುದನ್ನು ನಾವು ಮರೆತಿದ್ದೇವೆ. ಅದನ್ನು ಮೊದಲು ಕೈವಶ ಮಾಡಿಕೊಂಡದ್ದು ಮಹಮ್ಮಡನ್ ಸ್ಪೋರ್ಟಿಂಗ್. ಈ ಸಂಘದ ಏಳುಬೀಳುಗಳನ್ನು ನೋಡಿದಾಗ, ಆಟದ ಇತಿಹಾಸ ಆಟದ ಬಯಲಿನಲ್ಲಿ ಮಾತ್ರ ನಡೆಯುವುದಿಲ್ಲವೆಂದು ನನಗೆ ತೋರುತ್ತದೆ.

ಈ ಸಂಘ ಹುಟ್ಟಿದ್ದು 1891ರಲ್ಲಿ. ಹೊಸ ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಹಿಂದೆಬಿದ್ದಿದ್ದ ಬಂಗಾಳದ ಮುಸಲ್ಮಾನರಿಗೆ, ನಗರದ ಮೈದಾನದಲ್ಲಿ ತಮ್ಮದೆಂದು ಹೇಳಿಕೊಳ್ಳುವ ಒಂದು ತಂಡ ಬೇಕಾಗಿತ್ತು. ಮೊದಲ ನಾಲ್ಕು ದಶಕಗಳಲ್ಲಿ ಸಂಘದ ಹೆಸರು ಹೆಚ್ಚಾಗಿ ಹಬ್ಬಲಿಲ್ಲ. 1934ರಲ್ಲಿ ಮೊದಲ ದರ್ಜೆಗೆ ಏರಿತು. ಏರಿದ ವರ್ಷವೇ ಲೀಗನ್ನು ಗೆದ್ದಿತು. ಹಿಂದಿನ ಮೂರು ವರ್ಷ ಅದು ಡರ್ಹಾಮ್ ಲೈಟ್ ಇನ್‌ಫೆಂಟ್ರಿಯ ಸೊತ್ತಾಗಿತ್ತು. ಆಮೇಲೆ 1938ರವರೆಗೆ, ಸತತವಾಗಿ ಐದು ವರ್ಷ, ಪ್ರಶಸ್ತಿ ಈ ಸಂಘದ ಕೈಬಿಡಲಿಲ್ಲ.

ಇದಕ್ಕೆ ಪವಾಡವೇನೂ ಕಾರಣವಲ್ಲ. ಕಲ್ಕತ್ತೆಯ ಲೀಗ್ ನಡೆಯುವುದು ಮಳೆಗಾಲದಲ್ಲಿ. ಕೆಸರಿನಲ್ಲಿ ಬರಿಗಾಲಿನ ಆಟಗಾರ ಜಾರುತ್ತಾನೆ, ಬೂಟಿನವನು ನಿಲ್ಲುತ್ತಾನೆ. ಮಹಮ್ಮಡನ್ ಸ್ಪೋರ್ಟಿಂಗಿನವರು ತಮ್ಮ ಆಟಗಾರರಿಗೆ ಒದ್ದೆ ನೆಲದಲ್ಲಿ ಬೂಟು ಧರಿಸಿ ಆಡುವುದನ್ನು ರೂಢಿಮಾಡಿಸಿದರು. ಎರಡನೆಯದಾಗಿ, ಬಂಗಾಳದ ಎಲ್ಲೆಯೊಳಗೆ ಕುಳಿತಿರದೆ ದೇಶದ ನಾನಾ ಕಡೆಗಳಿಂದ ಆಟಗಾರರನ್ನು ಕರೆತಂದರು. ಹಾಗೆ ಹೋದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದರು.

ಬೆಂಗಳೂರಿನ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪಿನ ಕೊನೆಯ ಪಂದ್ಯದಲ್ಲಿ ಈ ಪ್ರಖ್ಯಾತ ತಂಡವನ್ನು ಸೋಲಿಸಿದವರು ಬೆಂಗಳೂರು ಮುಸ್ಲಿಮ್ಸ್. ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಊರಿನದು! 1938ರಲ್ಲಿಯೂ ಅದು ಅವರಿಗೇ ಸಂದಿತು. 1940ರಲ್ಲಿ ಇದೇ ಎರಡು ತಂಡಗಳು ಮತ್ತೆ ಎದುರಾದಾಗ ಕಲ್ಕತ್ತೆಯವರು ಸೇಡು ತೀರಿಸಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯಲ್ಲಿ ರಾಯಲ್ ವಾರ್ವಿಕ್‌ಶೈರ್ ದಳವನ್ನು 2-1ರಿಂದ ಸೋಲಿಸಿ, ಅದುವರೆಗೆ ಯಾವ ಭಾರತೀಯ ತಂಡಕ್ಕೂ ದಕ್ಕದಿದ್ದ ಡ್ಯೂರಂಡ್ ಕಪ್ಪನ್ನೂ ಗೆದ್ದರು. ಈ ಸಂಘದ ಮಹಮ್ಮದ್ ಸಲೀಮ್ 1936ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ, ಗ್ಲಾಸ್ಗೋ ನಗರದ ಸೆಲ್ಟಿಕ್ ತಂಡದ ಪರವಾಗಿ ಬರಿಗಾಲಿಗೆ ಪಟ್ಟಿ ಸುತ್ತಿಕೊಂಡು ಎರಡು ಪಂದ್ಯಗಳನ್ನಾಡಿ ನೋಡಿದವರನ್ನು ಬೆರಗುಗೊಳಿಸಿದನು. ಅಲ್ಲಿ ನಿಲ್ಲಲು ಮನಸ್ಸೊಪ್ಪದೆ ಊರಿಗೆ ಮರಳಿದನು.

ಕೀರ್ತಿ ಬಂದಲ್ಲಿಗೆ ರಾಜಕೀಯವೂ ಬರುತ್ತದೆ. ಆ ದಿನಗಳಲ್ಲಿ ಮುಸ್ಲಿಂ ಲೀಗಿನ ಧುರೀಣರು ಈ ಗೆಲವುಗಳ ನೆರಳಿನಲ್ಲಿ ನಿಂತರು. ಹನ್ನೊಂದು ಮಂದಿಯ ಆಟ ಒಂದು ಸಮುದಾಯದ ಬಲಾಬಲಗಳ ಅಳತೆಗೋಲಾಯಿತು. 1947ರಲ್ಲಿ ದೇಶ ಒಡೆಯಿತು. ಸಂಘದ ಅಭಿಮಾನಿಗಳೂ ಪೋಷಕರೂ ಅನೇಕರು ಗಡಿಯಾಚೆಗೆ ಹೋದರು. ರಕ್ತ ಹರಿದ ನಗರದಲ್ಲಿ, ಇಂಥ ಹೆಸರು ಹೊತ್ತ ತಂಡ ಉಳಿದೀತೆ?

ಉಳಿಯಿತು. 1948ರಲ್ಲಿ ಲೀಗನ್ನೂ ಗೆದ್ದಿತು. ಸತತವಾದ ಐದು ಗೆಲವುಗಳನ್ನು ಹೊಗಳುವವರು ಬಹಳ. ನನಗಾದರೋ ಈ ಒಂದು ಗೆಲವೇ ದೊಡ್ಡದೆನಿಸುತ್ತದೆ. ಮೊದಲಿನವು ಪರಕೀಯರ ಎದುರು ಗಳಿಸಿದವು. ಇದು, ನಾವು ಇಲ್ಲಿಯವರೇ ಎಂದು ಮಾತಿಲ್ಲದೆ ತಿಳಿಸಿದ್ದು. 1960ರಲ್ಲಿ ಈ ಸಂಘ ಆಗಿನ ಪೂರ್ವ ಪಾಕಿಸ್ತಾನದ ಢಾಕಾದಲ್ಲಿ ಆಗಾ ಖಾನ್ ಸ್ವರ್ಣ ಕಪ್ಪನ್ನು ಗೆದ್ದಾಗ, ಗೆದ್ದದ್ದು ಭಾರತದ ತಂಡವಾಗಿ.

ಅನಂತರದ ಕಥೆ ಇಳಿಜಾರಿನದು. ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಸಂಘಗಳ ಪೈಪೋಟಿಯ ಅಬ್ಬರದಲ್ಲಿ ಮೂರನೆಯವನ ದನಿ ಅಡಗಿತು. 1981ರಲ್ಲಿ ಲೀಗ್, 1983 ಮತ್ತು 1984ರಲ್ಲಿ ಫೆಡರೇಷನ್ ಕಪ್ ದೊರೆತವು. ಎಲ್ಲ ಮತಗಳ, ದೂರದ ನೈಜೀರಿಯದ ಆಟಗಾರರೂ ಕಪ್ಪು ಬಿಳುಪಿನ ಅಂಗಿಯನ್ನು ತೊಟ್ಟರು. ಆದರೆ ಲೀಗ್ ಪ್ರಶಸ್ತಿ ನಲವತ್ತು ವರ್ಷ ಇತ್ತ ಸುಳಿಯಲಿಲ್ಲ. 2013ರಲ್ಲಿ, ಎಪ್ಪತ್ತಮೂರು ವರ್ಷಗಳ ಮೇಲೆ, ಡ್ಯೂರಂಡ್ ಕಪ್ ಮತ್ತೆ ಬಂದಿತು. ಅದೇ ಋತು ಮುಗಿಯುವಷ್ಟರಲ್ಲಿ ತಂಡ ರಾಷ್ಟ್ರೀಯ ಲೀಗಿನಿಂದ ಕೆಳದರ್ಜೆಗೆ ಜಾರಿತು. ಒಂದೇ ವರ್ಷದಲ್ಲಿ ಕಿರೀಟವೂ ವನವಾಸವೂ!

2021ರಿಂದ ಮೂರು ವರ್ಷ ಕಲ್ಕತ್ತೆಯ ಲೀಗ್ ಮತ್ತೆ ಒಲಿಯಿತು. 2024ರಲ್ಲಿ ಐ-ಲೀಗನ್ನು ಗೆದ್ದು ಸಂಘ ದೇಶದ ಅತ್ಯುನ್ನತ ಪಂದ್ಯಾವಳಿಗೆ ಏರಿತು. ಅಲ್ಲಿ 2024-25ರ ಮೊದಲ ಋತುವಿನಲ್ಲಿಯೇ ಹದಿಮೂರು ತಂಡಗಳಲ್ಲಿ ಕೊನೆಯದಾಯಿತು. 1934ರಲ್ಲಿ ಏರಿದ ವರ್ಷವೇ ಗೆದ್ದವರಿಗೆ ತೊಂಬತ್ತು ವರ್ಷಗಳ ಮೇಲೆ ಈ ಸ್ಥಿತಿ. ಬೂಟನ್ನೂ ದೂರದೂರಿನ ಆಟಗಾರನನ್ನೂ ಇತರರಿಗಿಂತ ಮುಂಚೆ ತಂದವರು ಅವರು; ಇಂದು ಆ ಮುಂಗಾಣ್ಕೆಗೆ ಬೇಕಾದ ಹಣ ಬೇರೆಯವರಲ್ಲಿದೆ. ಆದರೂ ಅಭಿಮಾನಿಗಳು ಸಂಘವನ್ನು ಬಿಟ್ಟಿಲ್ಲ. ಗೆದ್ದ ತಂಡಕ್ಕೆ ಜನ ಸೇರುವುದು ಸಹಜ. ನಲವತ್ತು ವರ್ಷ ಗೆಲ್ಲದ ತಂಡಕ್ಕೆ ಮಳೆಯಲ್ಲಿ ನಿಂತು ಜಯಕಾರ ಹಾಕಿದವರನ್ನು ಚರಿತ್ರಕಾರರು ಇನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.