ಕ್ರ್ಯಾಂಕಿನ ಉದ್ದ, ತುಳಿತದ ಲಯ

ಸೈಕಲ್ಲಿನ ನಡುವಿನ ಅಚ್ಚಿಗೂ ಪೆಡಲಿಗೂ ನಡುವೆ ಇರುವ ತೋಳೇ ಕ್ರ್ಯಾಂಕ್. ಅಚ್ಚಿನ ಮಧ್ಯದಿಂದ ಪೆಡಲ್ ಕೂರುವ ತೂತಿನ ಮಧ್ಯದವರೆಗಿನ ದೂರ ಅದರ ಉದ್ದ. ಸ್ಪರ್ಧೆಯ ಸೈಕಲ್ಲುಗಳಲ್ಲಿ ಈ ಅಳತೆಯನ್ನು ತೋಳಿನ ಒಳಮೈಯಲ್ಲಿ ಸಣ್ಣ ಅಂಕಿಗಳಲ್ಲಿ ಕೊರೆದಿರುತ್ತಾರೆ: 165, 170, 172.5, 175 ಮಿಲಿಮೀಟರ್. ಮೊದಲಿನದಕ್ಕೂ ಕೊನೆಯದಕ್ಕೂ ಒಂದೇ ಸೆಂಟಿಮೀಟರ್ ವ್ಯತ್ಯಾಸ. ಆದರೆ ನಿಮಿಷಕ್ಕೆ 90 ಸುತ್ತಿನಂತೆ ಮೂರು ಗಂಟೆ ತುಳಿದರೆ ಒಂದೊಂದು ಮೊಣಕಾಲೂ 16,200 ಸಲ ಮಡಚಿ ಬಿಚ್ಚುತ್ತದೆ. ಆ ಲೆಕ್ಕದಲ್ಲಿ ಮಿಲಿಮೀಟರೂ ದೊಡ್ಡದೇ.

ಈ ಅಳತೆಗೆ ಹೆಚ್ಚು ತಲೆಕೆಡಿಸಿಕೊಳ್ಳುವವರು ಟ್ರಯಥ್ಲಾನ್ ಸ್ಪರ್ಧಿಗಳು. ಈಜು, ಸೈಕಲ್, ಓಟ ಮೂರನ್ನೂ ಬಿಡುವಿಲ್ಲದೆ ಮುಗಿಸುವ ಪಂದ್ಯ ಅದು. 2019ರಲ್ಲಿ ಗೋವಾದಲ್ಲಿ ಆರಂಭವಾದ ಐರನ್‌ಮ್ಯಾನ್ 70.3ರಲ್ಲಿ 1.9 ಕಿ.ಮೀ. ಈಜಿ, 90 ಕಿ.ಮೀ. ಸೈಕಲ್ ತುಳಿದು, 21.1 ಕಿ.ಮೀ. ಓಡಬೇಕು. ಸೈಕಲ್ ಮೇಲೆ ವೇಗವೂ ಬೇಕು, ಇಳಿದ ಮೇಲೆ ಓಡಲು ಕಾಲೂ ಉಳಿದಿರಬೇಕು. ಗಾಳಿಗೆ ಎದೆಯೊಡ್ಡದಿರಲೆಂದು ಸವಾರ ಮೊಣಕೈ ಊರಿ ಹ್ಯಾಂಡಲ್ ಮೇಲೆ ಬಾಗಿರುತ್ತಾನೆ. ಪೆಡಲ್ ಮೇಲೆ ಬಂದಾಗಲೆಲ್ಲ ತೊಡೆ ಹೊಟ್ಟೆಗೆ ಒತ್ತುತ್ತದೆ, ಸೊಂಟ ಇಕ್ಕಟ್ಟಾಗುತ್ತದೆ, ಉಸಿರು ಮೊಟಕಾಗುತ್ತದೆ.

ಕ್ರ್ಯಾಂಕ್ ಗಿಡ್ಡವಾದಷ್ಟೂ ಈ ಇಕ್ಕಟ್ಟು ಸಡಿಲವಾಗುತ್ತದೆ. 172.5ರ ಬದಲು 165 ಹಾಕಿದರೆ, ಕೆಳಗಿನ ತುದಿಯಲ್ಲಿ ಪೆಡಲ್ 7.5 ಮಿ.ಮೀ. ಮೇಲೆ ಬರುತ್ತದೆ. ಕಾಲು ಮೊದಲಿನಷ್ಟೇ ಚಾಚಲೆಂದು ಸೀಟನ್ನೂ ಅಷ್ಟೇ ಏರಿಸಬೇಕು. ಮೇಲಿನ ತುದಿಯಲ್ಲಿ ಪೆಡಲ್ 7.5 ಮಿ.ಮೀ. ಕೆಳಗಿರುತ್ತದೆ. ಎರಡೂ ಸೇರಿ ತೊಡೆ ಮಡಚುವ ಜಾಗಕ್ಕೆ 15 ಮಿ.ಮೀ. ಸಿಕ್ಕಿತು.

ಹಾಗಾದರೆ ಬಲ ಕಡಿಮೆಯಾಗುವುದಿಲ್ಲವೇ? ಬೋರ್‌ವೆಲ್ ಕೈಪಂಪಿನ ಹಿಡಿ ಉದ್ದವಿದ್ದರೆ ಒತ್ತುವುದು ಹಗುರ, ಆದರೆ ಕೈ ಹೆಚ್ಚು ದೂರ ಓಡಾಡಬೇಕು. ಕ್ರ್ಯಾಂಕಿನದೂ ಅದೇ ವ್ಯವಹಾರ. 165ರಲ್ಲಿ ಅದೇ ಕೆಲಸಕ್ಕೆ ಸುಮಾರು ನೂರಕ್ಕೆ ನಾಲ್ಕೂವರೆಯಷ್ಟು ಹೆಚ್ಚು ಒತ್ತಬೇಕು. ಇಲ್ಲವೇ 90ರ ಬದಲು 94 ಸುತ್ತು ತಿರುಗಿಸಬೇಕು. ಹೀಗೆ ತಿರುಗಿಸಿದರೆ ಪಾದದ ವೇಗವೂ ಒತ್ತಡವೂ ಮೊದಲಿನಷ್ಟೇ. ಜಿಮ್ ಮಾರ್ಟಿನ್ ಮತ್ತು ವನೀನ್ ಸ್ಪಿರ್ಡುಸೊ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ರ್ಯಾಂಕಿನ ಉದ್ದವನ್ನು 120ರಿಂದ 220 ಮಿ.ಮೀ.ವರೆಗೆ ಬದಲಿಸಿದರೂ ಸವಾರರ ಗರಿಷ್ಠ ಶಕ್ತಿಯಲ್ಲಿ ಕಂಡ ಅಂತರ ಸುಮಾರು ನೂರಕ್ಕೆ ನಾಲ್ಕು ಮಾತ್ರ. 2024ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ತಾದೆಯ್ ಪೊಗಾಚಾರ್ ಬಳಸಿದ್ದೂ 165.

ಆದರೂ ತನ್ನ ಕಾಲಿಗೆ ಒಗ್ಗುವ ಅಳತೆಯನ್ನು ಸವಾರ ತಾನೇ ಪರೀಕ್ಷಿಸಿ ಕಂಡುಕೊಳ್ಳಬೇಕು. ಕೆಲಸ ಪಾನಾ ಹಿಡಿಯುವುದರಿಂದ ಶುರು. ಎಡ ಪೆಡಲಿನ ಮರೆ ತಿರುವುಮುರುವು. ಬಲಗಡೆಯದನ್ನು ಬಿಚ್ಚುವ ದಿಕ್ಕಿಗೇ ಎಡಗಡೆಯದನ್ನೂ ತಿರುಗಿಸಿದರೆ ಅದು ಇನ್ನೂ ಬಿಗಿಯಾಗುತ್ತದೆ. ಹಳೆಯ ಸೈಕಲ್ಲುಗಳಲ್ಲಿ ಕ್ರ್ಯಾಂಕನ್ನು ಹಿಡಿದಿಡುವುದು ಸುತ್ತಿಗೆಯಿಂದ ಹೊಡೆದು ಕೂರಿಸುವ ಕಾಟರ್ ಪಿನ್. ಶಿಮಾನೊದಂಥ ಹೊಸ ಜೋಡಣೆಗಳಲ್ಲಿ ಎಡತೋಳನ್ನು ಎರಡು ಬೋಲ್ಟುಗಳು ಬಿಗಿಹಿಡಿಯುತ್ತವೆ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗುವಂತಿಲ್ಲ. ಅದಕ್ಕಿಷ್ಟು ಇದಕ್ಕಿಷ್ಟು ಎಂದು ಸರದಿಯಲ್ಲಿ ತಿರುಗಿಸುತ್ತ, ಅಳತೆಯ ಪಾನಾ 12ರಿಂದ 14 ನ್ಯೂಟನ್ ಮೀಟರ್ ತೋರಿಸಿದಾಗ ನಿಲ್ಲಿಸಬೇಕು. ಆಮೇಲೆ ಅಚ್ಚಿನಿಂದ ಸೀಟಿನ ಮೇಲ್ಮೈವರೆಗೆ ಟೇಪು ಹಿಡಿದು ಎತ್ತರ ಸರಿಪಡಿಸಬೇಕು. ಹೊಸ ಉದ್ದಕ್ಕೆ ಸ್ನಾಯುಗಳು ಹೊಂದಿಕೊಳ್ಳಲು ಕೆಲವು ವಾರ ಬಿಟ್ಟೇ ಪರೀಕ್ಷೆ.

ಈ ಪರೀಕ್ಷೆಗೆ ಬೇಕಾದ ಎರಡೂ ಬಗೆಯ ದಾರಿ, ಉದಾಹರಣೆಗೆ, ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿದೆ. ತಿಪಟೂರಿನತ್ತ ತೆಂಗಿನ ತೋಟಗಳ ನಡುವೆ ಸಾಗುವ ರಸ್ತೆ ಒಂದೇ ಲಯದಲ್ಲಿ ತುಳಿಯಲು ಸೈ. ಮದಲಿಂಗನ ಕಣಿವೆಯ ಏರು ಒತ್ತಿ ತುಳಿಯುವ ಪರೀಕ್ಷೆಗೆ. ಕೊಬ್ಬರಿ ಲಾರಿಗಳ ಓಡಾಟಕ್ಕೆ ಮೊದಲು, ಬೆಳಗಿನ ಜಾವವೇ ಒಳ್ಳೆಯ ಹೊತ್ತು. ಆಷಾಢದ ಗಾಳಿಯಲ್ಲಿ ಒಂದೇ ದಿಕ್ಕಿನ ಲೆಕ್ಕವನ್ನು ನಂಬುವಂತಿಲ್ಲ. ಹೋಗಿಬಂದು ಸರಾಸರಿ ತೆಗೆಯಬೇಕು. ಟೈರಿನ ಗಾಳಿ, ಬಟ್ಟೆ, ಹೊತ್ತು ಯಾವುದೂ ಬದಲಾಗಬಾರದು.

ಈಗ ಲಯದ ಸರದಿ. ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕಕ್ಕೆ ಕೇಡೆನ್ಸ್ ಎನ್ನುತ್ತಾರೆ. ತುಳಿತದ ಶಕ್ತಿಯನ್ನು ವ್ಯಾಟ್‌ಗಳಲ್ಲಿ ತೋರಿಸುವ ಪವರ್ ಮೀಟರ್ ಕ್ರ್ಯಾಂಕಿನಲ್ಲೋ ಪೆಡಲಿನಲ್ಲೋ ಇರುತ್ತದೆ. ಲೋಹ ಕೂದಲೆಳೆಗಿಂತ ಕಡಿಮೆ ಬಾಗುವುದನ್ನೂ ಅದು ಗುರುತಿಸುತ್ತದೆ. ಜರ್ಮನಿಯ ಉಲ್ರಿಕ್ ಶೋಬರರ್ 1986ರಲ್ಲಿ ಇದಕ್ಕೆ ದಾರಿ ಹಾಕಿದರು. ಲಯದ ಪರೀಕ್ಷೆಯಲ್ಲಿ, ಉದಾಹರಣೆಗೆ, 200 ವ್ಯಾಟ್ ಕದಲದಂತೆ ಇಟ್ಟುಕೊಂಡು 70, 80, 90, 100 ಸುತ್ತುಗಳಲ್ಲಿ ತಲಾ ಹತ್ತು ನಿಮಿಷ ತುಳಿದು, ಕೊನೆಯ ಮೂರು ನಿಮಿಷದ ಹೃದಯಬಡಿತ ಬರೆದುಕೊಳ್ಳುತ್ತಾರೆ. 170ರ ಕ್ರ್ಯಾಂಕಿನಲ್ಲಿ ಇದೇ ಶಕ್ತಿಗೆ 60 ಸುತ್ತಿನಲ್ಲಿ ಸರಾಸರಿ 19 ಕಿಲೋ ಭಾರದಷ್ಟು ಒತ್ತಬೇಕು. 90ರಲ್ಲಿ 13 ಕಿಲೋ ಸಾಕು. ನಿಧಾನ ತುಳಿದರೆ ತೊಡೆಗೆ ಹೊರೆ, ಜೋರಾಗಿ ತಿರುಗಿಸಿದರೆ ಹೃದಯಕ್ಕೆ. ಪರೀಕ್ಷೆ ಹುಡುಕುವುದು ಇವೆರಡರ ನಡುವಿನ ರಾಜಿಯನ್ನು.

ಎರಡು ಉದ್ದಗಳಲ್ಲಿ ವ್ಯಾಟೂ ಬಡಿತವೂ ಸಮನಾಗಿ ಬಂದರೆ ಇನ್ನೊಂದು ಹಂತ ಉಳಿದಿದೆ. ಸೈಕಲ್ ಇಳಿದ ಕೂಡಲೇ ಶೂ ಬದಲಿಸಿ ಐದು ಕಿ.ಮೀ. ಓಡುವುದು. ಈ ಬೆಸುಗೆಯ ಅಭ್ಯಾಸಕ್ಕೆ ಬ್ರಿಕ್ ಎಂಬ ಹೆಸರಿದೆ. ಸೊಂಟ ಹಗುರವಾಗಿ, ಮೊದಲ ಕಿಲೋಮೀಟರಿನಿಂದಲೇ ಹೆಜ್ಜೆ ಬಿಚ್ಚಿ ಓಡಲು ಬಿಟ್ಟ ಕ್ರ್ಯಾಂಕೇ ಟ್ರಯಥ್ಲಾನ್‌ಗೆ ಸರಿಯಾದದ್ದು.