ಬಾಯಿ ತೆರೆಸಿ ನೋಡಿದವರು

ಇಂಡಿ, ಸಿಂದಗಿ ಕಡೆ ಊಟಕ್ಕೆ ಕುಂತವರು "ಖಾರ ತಿಂದ್ರ ಬಾಯಿ ಉರೀತೈತಿ" ಅಂದರೆ ಮನೆಯವರು ಉಷ್ಣ ಆಗಿರಬೇಕು ಅಂತಾರೆ. ರೊಟ್ಟಿಯ ಜತೆ ಕೆಂಪು ಚಟ್ನಿ, ಶೇಂಗಾ ಹಿಂಡಿ ಇಲ್ಲದೆ ಊಟವೇ ಏರದ ಸೀಮೆ ಅದು. ಆದರೆ ಅಡಿಕೆ, ಗುಟ್ಕಾ ಹಾಕುವವರಲ್ಲಿ ಆ ಉರಿ ಬಾಯೊಳಗಿನ ಪೊರೆ ಬಿಗಿಯತೊಡಗಿದ್ದರ ಮೊದಲ ಸುಳಿವಾಗಿರಬಹುದು. ಮುಂದೆ ಕೆನ್ನೆ ಗಟ್ಟಿಯಾಗುತ್ತದೆ, ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯಲ್ಲಿ ಹಿಡಿಸುವುದಿಲ್ಲ. ಕೆಲವರಲ್ಲಿ ಇದೇ ಕ್ಯಾನ್ಸರಿಗೆ ತಿರುಗುತ್ತದೆ.

ಈ ಬಿಗಿತವನ್ನು ವೈದ್ಯಲೋಕಕ್ಕೆ ಮೊದಲು ವಿವರಿಸಿದವರು ಶ್ವಾರ್ಟ್ಸ್, 1952ರಲ್ಲಿ. ಅವರು ಕಂಡದ್ದು ದೂರದ ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರನ್ನು. ಆಮೇಲೆ ಡೆನ್ಮಾರ್ಕಿನ ಪಿಂಡ್‌ಬೋರ್ಗ್ ನಮ್ಮ ದೇಶಕ್ಕೇ ಬಂದರು. ಬೆಂಗಳೂರಿನಲ್ಲಿ ಇಲ್ಲಿನ ವೈದ್ಯರನ್ನು ಜೊತೆ ಮಾಡಿಕೊಂಡು ಹತ್ತು ಸಾವಿರ ಜನರ ಬಾಯಿ ಪರೀಕ್ಷಿಸಿದರು. ಅದರ ವರದಿ ಬಂದದ್ದು 1966ರಲ್ಲಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಅಪಾಯದ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು: ಕ್ಯಾನ್ಸರ್ ಬಲಿಯುವ ಮೊದಲೇ ಅದರ ಗುರುತುಗಳು ಕಣ್ಣಿಗೆ ಬೀಳುತ್ತವೆ ಎಂಬುದು ಇಂಥ ಸಮೀಕ್ಷೆಗಳಿಂದ ಗಟ್ಟಿಯಾಯಿತು. ತೊಂದರೆ ಏನೆಂದರೆ, ಆಗ ಬಹುಮಟ್ಟಿಗೆ ನೋವೇ ಇರುವುದಿಲ್ಲ. ನೋವಿಲ್ಲದ ಮಚ್ಚೆ ತೋರಿಸಲು ದವಾಖಾನೆಗೆ ಹೋಗುವವರು ಯಾರು?

ಹಾಗಾದರೆ ದವಾಖಾನೆಯೇ ಮನೆಗೆ ಹೋಗಬೇಕು. ಡಾಕ್ಟರ್ ಹೋಗಲಾರರು, ಅಷ್ಟು ಜನ ಇಲ್ಲ. 1996ರಲ್ಲಿ ತಿರುವನಂತಪುರದ 13 ಪಂಚಾಯ್ತಿಗಳಲ್ಲಿ ಶಂಕರನಾರಾಯಣನ್ ಮತ್ತು ಸಂಗಡಿಗರು ಇದನ್ನು ಒರೆಗೆ ಹಚ್ಚಿದರು. ವೈದ್ಯರಲ್ಲದ ಪದವೀಧರರಿಗೆ ತರಬೇತಿ ಕೊಟ್ಟು, ಏಳು ಪಂಚಾಯ್ತಿಗಳಲ್ಲಿ ಮೂರು ವರ್ಷಕ್ಕೊಮ್ಮೆ ಮನೆಮನೆಗೆ ಕಳಿಸಿದರು. ಉಳಿದ ಆರನ್ನು ಹೋಲಿಕೆಗೆ ಇಟ್ಟುಕೊಂಡರು. 2005ರಲ್ಲಿ ಬಂದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34% ಇಳಿದಿತ್ತು. ನನ್ನ ಲೆಕ್ಕದಲ್ಲಿ ಈ ಕತೆಯ ನಿಜವಾದ ಆವಿಷ್ಕಾರ ಇದೇ. ಬಾಯಿ ನೋಡುವ ಯಂತ್ರ ಬಂದದ್ದು ಆಮೇಲೆ.

ಆ ಯಂತ್ರದ ಹಿಂದೆ ಬೆಂಗಳೂರಿನವರಿದ್ದಾರೆ. ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರದಲ್ಲಿದ್ದ ಮೋನಿ ಕುರಿಯಾಕೋಸ್, ಕೆಎಲ್‌ಇ ದಂತ ವೈದ್ಯಕೀಯ ಸಂಸ್ಥೆಯ ಪ್ರವೀಣ್ ಬಿರೂರ್ ಮೊದಲಾದವರು ಅಮೆರಿಕದ ಅರಿಜೋನ ವಿಶ್ವವಿದ್ಯಾಲಯದ ರಾಂಗ್‌ಗ್ವಾಂಗ್ ಲಿಯಾಂಗ್ ತಂಡದೊಡನೆ ಸೇರಿ ಮೊಬೈಲಿಗೆ ಜೋಡಿಸುವ ಸಾಧನ ಮಾಡಿದರು. ಅದು ಮಾಮೂಲು ಬಿಳಿ ಬೆಳಕಿನಲ್ಲೂ ನೇರಳೆ ಬೆಳಕಿನಲ್ಲೂ ಬಾಯೊಳಗಿನ ಚಿತ್ರ ತೆಗೆಯುತ್ತದೆ. ನೇರಳೆ ಬೆಳಕು ಬಿದ್ದರೆ ಆರೋಗ್ಯವಂತ ಪೊರೆ ತಾನೇ ಹಸಿರಾಗಿ ಹೊಳೆಯುತ್ತದೆ. ಕೆಟ್ಟ ಜಾಗದಲ್ಲಿ ಆ ಹೊಳಪು ಸತ್ತು ಕಪ್ಪಾಗಿ ಕಾಣುತ್ತದೆ. ಬರೀ ಉರಿಯೂತವೂ ಹಾಗೆ ಕಾಣಬಹುದು. ಆದ್ದರಿಂದ ಕಪ್ಪು ಕಂಡ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ, ಚೂರು ಮಾಂಸ ತೆಗೆದು ಪರೀಕ್ಷಿಸುವುದು ತಪ್ಪುವುದಿಲ್ಲ.

2022ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 5,025 ಜನರ ತಪಾಸಣೆ ನಡೆದಿತ್ತು. ದೂರದಲ್ಲಿ ಕೂತು ಚಿತ್ರ ನೋಡಿದ ತಜ್ಞರು, ಎದುರಿಗೇ ನೋಡಿದ ತಜ್ಞರು ಗುರುತಿಸಿದ್ದರಲ್ಲಿ 95% ಹಿಡಿದರು. ಆ ದೂರದ ತಜ್ಞರು ಅನುಮಾನಪಟ್ಟವುಗಳಲ್ಲಿ ಆರೋಗ್ಯ ಕಾರ್ಯಕರ್ತರ ಬರಿಗಣ್ಣಿಗೆ ಸಿಕ್ಕದ್ದು 60% ಮಾತ್ರ. ಫೋನಿನೊಳಗೇ ಇರಿಸಿದ ಗಣಕ ವಿಧಾನ 82% ಪತ್ತೆ ಹಚ್ಚಿತು. ಇದನ್ನು ಕಂಡು ಆಶಾ ಕಾರ್ಯಕರ್ತೆಯರನ್ನು ದೂರುವವರೂ ಇದ್ದಾರೆ. ಕೆನ್ನೆಗೂ ವಸಡಿಗೂ ನಡುವೆ, ತಂಬಾಕು ಒತ್ತಿಡುವ ಸಂದಿನಲ್ಲಿ, ಟಾರ್ಚು ಹಿಡಿದು ಆ ದೂರುವವರೊಮ್ಮೆ ಇಣುಕಿ ನೋಡಲಿ. 2016ರ ಕೇಂದ್ರ ಮಾರ್ಗಸೂಚಿ 30ರಿಂದ 65 ವಯಸ್ಸಿನ ಎಲ್ಲರಿಗೂ ಐದು ವರ್ಷಕ್ಕೊಮ್ಮೆ ಬಾಯಿ ತಪಾಸಣೆ ಆಗಬೇಕೆಂದಿತು. ಆ ಕೆಲಸದ ಮೊದಲ ಬಾಗಿಲು ತಟ್ಟುವವರು ಈ ಆಶಾ ಕಾರ್ಯಕರ್ತೆಯರೇ.

ರೋಗದ ಮೂಲಕ್ಕೇ ಕೈಹಾಕಿದರೆ ತಪಾಸಣೆ ಯಾಕೆ ಎನ್ನಬಹುದು. ಗುಟ್ಕಾವನ್ನು ಕರ್ನಾಟಕ 2013ರಲ್ಲೇ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಕೊಡತೊಡಗಿದರು. ಕಲಸಿಕೊಳ್ಳುವ ಕೆಲಸ ಗಿರಾಕಿಯದು. ಹಾಗಾಗಿ ತಪಾಸಣೆ ತಪ್ಪಲಿಲ್ಲ.

ತಪಾಸಣೆಯಲ್ಲಿ ತೆಗೆದ ಚಿತ್ರವೇನೋ ಬಸವನ ಬಾಗೇವಾಡಿಯಿಂದ ಬೆಂಗಳೂರಿಗೆ ಕ್ಷಣದಲ್ಲಿ ಹೋದೀತು, ಮನುಷ್ಯ ಹೋಗಬೇಕಲ್ಲ. ಕೇರಳದ ಆ ಪ್ರಯೋಗದಲ್ಲೇ ಅನುಮಾನ ಬಂದು ದವಾಖಾನೆಗೆ ಹೋಗಿ ಎಂದು ಹೇಳಿಸಿಕೊಂಡ 5,145 ಮಂದಿಯಲ್ಲಿ ಹೋದವರು 3,218. ಮುದ್ದೇಬಿಹಾಳದ ಕೂಲಿಯವರಿಗೆ ವಿಜಯಪುರದ ಜಿಲ್ಲಾ ಆಸ್ಪತ್ರೆ ಅಂದರೂ ಹೋಗಿಬರಲು ಒಂದು ದಿನದ ಪಗಾರ ಹೋಗುತ್ತದೆ, ಜತೆಗೆ ಬಂದವರದು ಬೇರೆ. ಚೂರು ಮಾಂಸ ತೆಗೆಯುವ ಕೆಲಸ ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರ ಕೈಯಲ್ಲೇ ಆಗಬಲ್ಲದು. ಲ್ಯಾಬಿಗೆ ಪ್ರಯಾಣ ಮಾಡಬೇಕಾದ್ದು ಆಮೇಲೆ ಆ ಚೂರಿಟ್ಟ ಸೀಸೆ ಮಾತ್ರ.