ನಿಮಗಿದು ಗೊತ್ತೆ? ಒಂದು ಸುಳ್ಳು, ಒಬ್ಬ ಸಚಿವ, ನಲುಗಿದ ಸರ್ಕಾರ

ಬ್ರಿಟನ್ನಿನ ಯುದ್ಧ ಸಚಿವ ಜಾನ್ ಪ್ರೊಫ್ಯೂಮೊ 1961ರ ಜುಲೈನಲ್ಲಿ ಕ್ಲೈವ್‌ಡನ್ ಬಂಗಲೆಯ ಈಜುಕೊಳದ ಬಳಿ 19ರ ಹರೆಯದ ಕ್ರಿಸ್ಟೀನ್ ಕೀಲರ್‌ಳನ್ನು ಕಂಡರು. ಪರಿಚಯ ಸಂಬಂಧಕ್ಕೆ ತಿರುಗಿತು. ಲಂಡನ್ನಿನಲ್ಲಿದ್ದ ಸೋವಿಯತ್ ನೌಕಾ ಅಧಿಕಾರಿ ಯೆವ್ಗೆನಿ ಇವಾನೊವ್‌ಗೂ ಆಕೆಯ ಒಡನಾಟವಿತ್ತು. ಶೀತಲ ಸಮರದ ಆ ದಿನಗಳಲ್ಲಿ ಸುದ್ದಿ ಕಾಳ್ಗಿಚ್ಚಾಗಲು ಅಷ್ಟೇ ಸಾಕಾಯಿತು.

1963ರ ಮಾರ್ಚ್ 22ರಂದು ಪ್ರೊಫ್ಯೂಮೊ, ತಮ್ಮ ಮತ್ತು ಕೀಲರ್ ನಡುವೆ ಅನುಚಿತವಾದದ್ದೇನೂ ನಡೆದಿಲ್ಲವೆಂದು ಸಂಸತ್ತಿನಲ್ಲೇ ಘೋಷಿಸಿದರು. ಜೂನ್ 5ರಂದು ಸುಳ್ಳನ್ನು ಒಪ್ಪಿಕೊಂಡು ರಾಜೀನಾಮೆ ಕೊಟ್ಟರು. ಬ್ರಿಟಿಷರು ಸಂಬಂಧವನ್ನಾದರೂ ಮರೆಯುತ್ತಿದ್ದರೇನೋ, ಸದನಕ್ಕೆ ಬಗೆದ ವಂಚನೆಯನ್ನು ಮರೆಯಲಿಲ್ಲ. ನ್ಯಾಯಮೂರ್ತಿ ಡೆನಿಂಗ್ ಅವರ ತನಿಖಾ ವರದಿ ಕೊಳ್ಳಲು ಜನ ಸಾಲುಗಟ್ಟಿ ನಿಂತರು. ದೇಶದ ಭದ್ರತೆಗೆ ಧಕ್ಕೆಯಾಗಿಲ್ಲ ಎಂದಿತ್ತು ಅದು. ಪ್ರಧಾನಿ ಮ್ಯಾಕ್‌ಮಿಲನ್ ಅಕ್ಟೋಬರ್‌ನಲ್ಲಿ ಅನಾರೋಗ್ಯದ ಕಾರಣ ನೀಡಿ ಹುದ್ದೆ ಬಿಟ್ಟರು. ಮರುವರ್ಷದ ಚುನಾವಣೆಯಲ್ಲಿ, 13 ವರ್ಷ ಆಳಿದ ಕನ್ಸರ್ವೇಟಿವ್ ಪಕ್ಷವನ್ನು ಲೇಬರ್ ಪಕ್ಷ ಅಲ್ಪ ಬಹುಮತದಿಂದ ಕೆಳಗಿಳಿಸಿತು.

ಪ್ರೊಫ್ಯೂಮೊ ಮುಂದೆ ಪೂರ್ವ ಲಂಡನ್ನಿನ ಟಾಯ್ನ್‌ಬೀ ಹಾಲ್‌ನಲ್ಲಿ ಬಡವರ ಸೇವೆಗೆ ನಿಂತು, 1975ರಲ್ಲಿ ರಾಜಗೌರವ ಪಡೆದರು. ಕೀಲರ್‌ಗೆ ಅಂಥ ಕ್ಷಮೆ ಸಿಗಲಿಲ್ಲ. ಇದು ಅನ್ಯಾಯವೇ ಸರಿ: 2017ರಲ್ಲಿ ಸಾಯುವವರೆಗೂ ಆಕೆಯನ್ನು ಜಗತ್ತು ಗುರುತಿಸಿದ್ದು ಹರೆಯದ ಆ ಹಗರಣದಿಂದಲೇ.